ಮೋಟಾರಿನ ಕೀಲೆಣ್ಣೆ ತರುವ ವರ್ತಮಾನ

ಹಳೆಯ ಮೋಟಾರುಗಾಡಿಯನ್ನು ಕೊಳ್ಳಲು ಹೋದವರು ಸಾಮಾನ್ಯವಾಗಿ ಮಾಡುವ ಪರೀಕ್ಷೆಯೊಂದುಂಟು. ಎಂಜಿನಿನ ಮೇಲಿನ ಮುಚ್ಚಳವನ್ನೆತ್ತಿ, ಎಣ್ಣೆಯ ಅಳತೆಯ ಕಡ್ಡಿಯನ್ನು ಹೊರಕ್ಕೆಳೆದು, ಅದರ ತುದಿಗೆ ಹತ್ತಿದ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಒಮ್ಮೆ ಮೂಸಿ ನೋಡಿ, ಬಳಿಕ ಗಂಭೀರವಾಗಿ ತಲೆಯಾಡಿಸುವರು. ಎಣ್ಣೆ ಕಪ್ಪಾಗಿದ್ದರೆ ಗಾಡಿ ಕೆಟ್ಟಿತೆಂದೂ, ಹೊಂಬಣ್ಣವಾಗಿದ್ದರೆ ಒಳ್ಳೆಯ ಗಾಡಿಯೆಂದೂ ತೀರ್ಮಾನವಾಗುವುದು. ಮಾರುವವನು ಜಾಣನಾಗಿದ್ದರೆ ಹಿಂದಿನ ದಿನವೇ ಹೊಸ ಎಣ್ಣೆಯನ್ನು ತುಂಬಿಸಿರುತ್ತಾನೆ. ಕೊಳ್ಳುವವನು ಸಂತುಷ್ಟನಾಗಿ ಮುಂಗಡವನ್ನು ಕೊಟ್ಟು ಬರುತ್ತಾನೆ.

ಈ ಬೆರಳಿನ ಪರೀಕ್ಷೆಯಿಂದ ತಿಳಿಯುವುದು ಅತ್ಯಲ್ಪವೆಂದು ನಾವು ಮೊದಲಿಗೇ ಹೇಳಿಬಿಡಬೇಕಾಗಿದೆ. ಕೀಲೆಣ್ಣೆ ಕಪ್ಪಾಗುವುದು ರೋಗಲಕ್ಷಣವಲ್ಲ. ಬಹುಮಟ್ಟಿಗೆ ಅದು ತನ್ನ ಕೆಲಸವನ್ನು ಮಾಡುತ್ತಿರುವುದರ ಗುರುತು. ಎಂಜಿನಿನಲ್ಲಿ ಇಂಧನವು ಉರಿಯುವಾಗ ಮಸಿ ಹುಟ್ಟುತ್ತದೆ. ಆ ಮಸಿಯು ಲೋಹದ ಮೇಲೆ ಕಿಟ್ಟವಾಗಿ ಕೂರದಂತೆ ತೊಳೆದು ತನ್ನಲ್ಲಿಯೇ ತೇಲಿಸಿಕೊಂಡಿರಲೆಂದು ಎಣ್ಣೆಗೆ ಕೆಲವು ದ್ರವ್ಯಗಳನ್ನು ಬೆರೆಸಿರುವರು. ಡೀಸೆಲ್ ಎಂಜಿನಿನ ಎಣ್ಣೆಯಂತೂ ಬದಲಿಸಿದ ಕೆಲವೇ ದಿನಗಳಲ್ಲಿ ಕಾಡಿಗೆಯಂತಾಗುವುದು. ಪಾತ್ರೆ ತೊಳೆದ ನೀರು ಕೊಳೆಯಾಯಿತೆಂದು ಪಾತ್ರೆಯನ್ನು ಯಾರೂ ದೂರುವುದಿಲ್ಲ. ಅತ್ತ, ಎಣ್ಣೆ ತಿಳಿಯಾಗಿ ಹೊಳೆಯುತ್ತಿರುವಾಗಲೇ ಅದರೊಳಗೆ ಬೇರಿಂಗಿನ ಲೋಹವು ದಿನೇ ದಿನೇ ಕರಗಿ ಸೇರುತ್ತಿರಲೂಬಹುದು. ಅದು ಕಣ್ಣಿಗೆ ಕಾಣುವಂಥದಲ್ಲ, ಬೆರಳಿಗೆ ಸಿಕ್ಕುವಂಥದೂ ಅಲ್ಲ.

ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಎಂಜಿನಿನಲ್ಲಿ ಟಕಟಕ ಶಬ್ದವು ಕೇಳಿಬಂದ ಮೇಲೆ, ಹಿಂದಿನಿಂದ ನೀಲಿ ಹೊಗೆ ಏಳತೊಡಗಿದ ಮೇಲೆ, ಗ್ಯಾರೇಜಿನವರು ಹೇಳುವ ಮಾತು ಒಂದೇ: “ಎಂಜಿನ್ ಬಿಚ್ಚಬೇಕು, ಸ್ವಾಮಿ.” ಈ ಮೂರು ಮಾತುಗಳು ಸಂಬಳದ ಮೇಲೆ ಸಂಸಾರ ನಡೆಸುವ ಗೃಹಸ್ಥನ ಹಲವು ತಿಂಗಳ ಉಳಿತಾಯವನ್ನು ನುಂಗಿಬಿಡಬಲ್ಲವು. ಬಿಚ್ಚಬೇಕಾದ ಅಗತ್ಯವಿತ್ತೋ ಇಲ್ಲವೋ ಎಂಬುದು ಬಿಚ್ಚಿದ ಮೇಲೆಯೇ ತಿಳಿಯುವುದೆಂಬುದು ಇದಕ್ಕಿಂತಲೂ ಹೆಚ್ಚಿನ ಸಂಕಟ. ಹೀಗಿರುವಲ್ಲಿ, ಎಂಜಿನನ್ನು ಮುಟ್ಟದೆಯೇ ಅದರ ಒಳಗಿನ ಸಮಾಚಾರವನ್ನು ತಿಳಿಯುವ ಉಪಾಯವೊಂದು ಇರುವುದಾದರೆ ಅದನ್ನು ವಾಚಕರಿಗೆ ತಿಳಿಸುವುದು ಯುಕ್ತವೆಂದು ಭಾವಿಸಿ, ಪ್ರಯೋಗಶಾಲೆಯಲ್ಲಿ ಕೀಲೆಣ್ಣೆಯನ್ನು ಪರೀಕ್ಷಿಸುವ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಎಂಜಿನಿನೊಳಗೆ ಎಣ್ಣೆ ಹೋಗದ ಸ್ಥಳವಿಲ್ಲ. ಕೆಳಗಿನ ತೊಟ್ಟಿಯಿಂದ ಅದನ್ನು ಪಂಪು ಮೇಲಕ್ಕೆತ್ತುವುದು. ಸೋಸುಕದ ಮೂಲಕ ಹಾಯಿಸಿ ಬೇರಿಂಗುಗಳಿಗೂ, ಕವಾಟಗಳನ್ನು ನಡೆಸುವ ದಂಡಕ್ಕೂ, ಪಿಸ್ಟನ್ನುಗಳ ತಳಕ್ಕೂ ಅದನ್ನು ತಲಪಿಸುವುದು. ಅಲ್ಲಿಂದ ಅದು ತೊಟ್ಟಿಕ್ಕಿ ಮರಳಿ ತೊಟ್ಟಿಯನ್ನು ಸೇರುವುದು. ಗಾಡಿ ಓಡುತ್ತಿರುವಷ್ಟು ಹೊತ್ತೂ ಈ ಸಂಚಾರ ನಿಲ್ಲುವುದಿಲ್ಲ. ತಿರುಗುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಇರುವ ಎಣ್ಣೆಯ ಪೊರೆಯು, ಅತ್ಯಂತ ತೆಳುವಾದೆಡೆಯಲ್ಲಿ, ಮಿಲಿಮೀಟರಿನ ಸಾವಿರದ ಕೆಲವೇ ಪಾಲುಗಳಷ್ಟಿರುತ್ತದೆ. ಮನುಷ್ಯನ ತಲೆಗೂದಲು ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ದಪ್ಪ. ಇಷ್ಟು ತೆಳುವಾದ ಪೊರೆಯ ಮೇಲೆ ಇಡೀ ಎಂಜಿನು ತೇಲಿಕೊಂಡಿರುವುದೆಂಬುದನ್ನು ನೆನೆದರೆ ಆಶ್ಚರ್ಯವಾಗುವುದು. ಪೊರೆ ಹರಿದೆಡೆಯಲ್ಲಿ ಲೋಹವು ಲೋಹವನ್ನು ಸವೆಸುವುದು; ಸವೆದ ಪುಡಿಯನ್ನು ಎಣ್ಣೆಯು ತನ್ನೊಡನೆ ಹೊತ್ತು ತರುವುದು. ಊರೂರು ಸುತ್ತಿ ಬಂದ ಅಂಚೆಯವನ ಚೀಲದಂತೆ ಅದರಲ್ಲಿ ಎಲ್ಲ ಮೂಲೆಗಳ ವರ್ತಮಾನವೂ ಇರುತ್ತದೆ. ಓದಬಲ್ಲವರು ಬೇಕು, ಅಷ್ಟೆ.

ಓದಬೇಕಾದ ಪ್ರಮಾಣ ಎಷ್ಟು ಸಣ್ಣದೆಂಬುದನ್ನು ಲೆಕ್ಕಹಾಕಿ ನೋಡೋಣ. ಸಣ್ಣ ಕಾರಿನ ತೊಟ್ಟಿಯಲ್ಲಿ ಮೂರೂವರೆ ಲೀಟರ್ ಎಣ್ಣೆಯಿದೆಯೆಂದರೆ ಅದರ ತೂಕ ಸುಮಾರು ೩ ಕಿಲೋಗ್ರಾಂ. ಪ್ರಯೋಗಶಾಲೆಯ ವರದಿಯಲ್ಲಿ ಕಬ್ಬಿಣವು ಹತ್ತು ಪಿ.ಪಿ.ಎಂ. ಎಂದು ಬರೆದು ಬಂದರೆ, ದಶಲಕ್ಷ ಪಾಲು ಎಣ್ಣೆಯಲ್ಲಿ ಹತ್ತು ಪಾಲು ಕಬ್ಬಿಣವೆಂದು ಅರ್ಥ. ಎಂದರೆ ಮೂರು ಕಿಲೋಗ್ರಾಂ ಎಣ್ಣೆಯಲ್ಲಿ ೩೦ ಮಿಲಿಗ್ರಾಂ ಕಬ್ಬಿಣ. ಅಕ್ಕಸಾಲಿಗರ ಗುಲಗಂಜಿ ಸುಮಾರು ೧೨೦ ಮಿಲಿಗ್ರಾಂ ತೂಗುವುದರಿಂದ, ಇಡೀ ಎಂಜಿನಿನಿಂದ ಸವೆದ ಕಬ್ಬಿಣವೆಲ್ಲ ಕಾಲು ಗುಲಗಂಜಿಯಷ್ಟಾಯಿತು! ಗಾಡಿ ಹತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಇಷ್ಟೇ ಸವೆದಿದ್ದರೆ ಅದರ ಒಡೆಯನು ನೆಮ್ಮದಿಯಾಗಿ ನಿದ್ರಿಸಬಹುದು.

ಇಷ್ಟು ಸೂಕ್ಷ್ಮವಾದುದನ್ನು ಅಳೆಯುವ ವಿದ್ಯೆಯ ಮೂಲವು ನಮ್ಮ ಅಡಿಗೆಯ ಮನೆಯಲ್ಲಿಯೇ ಕಾಣಸಿಗುವುದು. ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಜ್ವಾಲೆಯು ಥಟ್ಟನೆ ಹಳದಿಯಾಗುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಅದು ಉಪ್ಪಿನಲ್ಲಿರುವ ಸೋಡಿಯಂ ಲೋಹದ ಬಣ್ಣ. ದೀಪಾವಳಿಯ ಬಾಣಬಿರುಸುಗಳಲ್ಲಿ ಹಸಿರು ಬೇರಿಯಂ ಲೋಹದ್ದು, ಕೆಂಪು ಸ್ಟ್ರಾನ್ಷಿಯಂ ಲೋಹದ್ದು. ಒಂದೊಂದು ಮೂಲವಸ್ತುವೂ ಕಾದು ಬೆಳಗಿದಾಗ ತನ್ನದೇ ಆದ ಬಣ್ಣದ ಗೆರೆಗಳನ್ನು ಹೊರಸೂಸುವುದೆಂದೂ, ಆ ಗೆರೆಗಳನ್ನು ಅಶ್ರಗದ ಮೂಲಕ ಬೇರ್ಪಡಿಸಿ ನೋಡಿ ವಸ್ತುವನ್ನು ಗುರುತಿಸಬಹುದೆಂದೂ ಜರ್ಮನಿಯ ಹೈಡಲ್‌ಬರ್ಗ್ ವಿದ್ಯಾಪೀಠದಲ್ಲಿದ್ದ ಬುನ್ಸೆನ್ ಮತ್ತು ಕಿರ್ಖಾಫ್ ಎಂಬ ಪಂಡಿತರು ೧೮೫೯-೬೦ರಲ್ಲಿ ತೋರಿಸಿಕೊಟ್ಟರು. ೧೮೬೮ನೆಯ ಆಗಸ್ಟ್ ೧೮ರ ಪೂರ್ಣಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಎಂಬಾತನು ನಮ್ಮ ನೆರೆಯ ಗುಂಟೂರಿಗೆ ಬಂದು ಇದೇ ವಿದ್ಯೆಯಿಂದ ನೋಡಿದನು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಹೊಸದೊಂದು ಹಳದಿ ಗೆರೆಯೇ ಹೀಲಿಯಂ ಎಂಬ ಅನಿಲದ ಮೊದಲನೆಯ ಸುಳಿವು. ಒಂಬತ್ತು ಕೋಟಿ ಮೈಲಿಗಳಾಚೆಯ ಸೂರ್ಯನ ಒಡಲಿನಲ್ಲಿರುವುದನ್ನು ಹೇಳಬಲ್ಲ ವಿದ್ಯೆಗೆ ಕಾರಿನ ತೊಟ್ಟಿಯಲ್ಲಿರುವುದನ್ನು ಹೇಳುವುದು ಕಷ್ಟವೆ?

ಈಗಿನ ಪ್ರಯೋಗಶಾಲೆಗಳಲ್ಲಿ ಎಣ್ಣೆಯನ್ನು ತೆಳುಮಾಡಿ, ಮಂಜಿನಂತೆ ಸಿಂಪಡಿಸಿ, ವಿದ್ಯುತ್ತಿನ ಬಲದಿಂದ ಸೂರ್ಯನ ಮೇಲ್ಮೈಗಿಂತಲೂ ಹೆಚ್ಚು ಕಾದಿರುವ ಆರ್ಗಾನ್ ಅನಿಲದ ಜ್ವಾಲೆಗೆ ಹಾಯಿಸುವರು. ಕಬ್ಬಿಣ, ತಾಮ್ರ, ಸೀಸ ಮೊದಲಾದ ಇಪ್ಪತ್ತಕ್ಕೂ ಮಿಕ್ಕ ಮೂಲವಸ್ತುಗಳ ಗೆರೆಗಳನ್ನು ಯಂತ್ರವು ಒಟ್ಟಿಗೆ ಅಳೆದು, ಒಂದೆರಡು ನಿಮಿಷಗಳಲ್ಲಿ ಅಂಕೆಗಳನ್ನು ಕೊಟ್ಟುಬಿಡುವುದು.

ಇದನ್ನು ಎಂಜಿನುಗಳ ರಕ್ಷಣೆಗೆ ಮೊದಲು ಬಳಸಿದವರು ರೈಲ್ವೆಯವರು. ಎರಡನೆಯ ಮಹಾಯುದ್ಧವು ಮುಗಿದ ಹೊಸತರಲ್ಲಿ ಅಮೆರಿಕೆಯ ರೈಲುಮಾರ್ಗಗಳಲ್ಲಿ ಹಬೆಯ ಎಂಜಿನುಗಳು ಹೋಗಿ ಡೀಸೆಲ್ ಎಂಜಿನುಗಳು ಬರುತ್ತಿದ್ದವು. ರಾಕಿ ಪರ್ವತಗಳನ್ನು ಹತ್ತಿಳಿಯುವ ಡೆನ್ವರ್ ಮತ್ತು ರಿಯೋಗ್ರಾಂಡೆ ಎಂಬ ರೈಲು ಕಂಪನಿಯವರು ೧೯೪೬ರಲ್ಲಿ ತಮ್ಮ ಪ್ರಯೋಗಶಾಲೆಯಲ್ಲಿ ಡೀಸೆಲ್ ಎಂಜಿನುಗಳ ಹಳೆಯ ಎಣ್ಣೆಯ ವರ್ಣಪಟಲವನ್ನು ಪರೀಕ್ಷಿಸಿ, ಅದರಲ್ಲಿನ ಲೋಹಗಳಿಂದ ಎಂಜಿನಿನ ರೋಗಗಳನ್ನು ಮುಂಚಿತವಾಗಿ ಕಂಡುಕೊಂಡರು. ಹಬೆಯ ಎಂಜಿನಿನ ಕೀಲುಗಳು ಬಹುಮಟ್ಟಿಗೆ ಹೊರಗಿರುವುವು. ಕೈಯಿಟ್ಟು ಬಿಸಿಯನ್ನು ನೋಡಬಹುದು. ಡೀಸೆಲ್ ಎಂಜಿನಿನ ಕೀಲುಗಳೆಲ್ಲ ಕಬ್ಬಿಣದ ಪೆಟ್ಟಿಗೆಯೊಳಗಿರುವುವು. ಘಟ್ಟದ ನಡುವೆ, ಹಿಮದಲ್ಲಿ, ಗಾಡಿ ನಿಂತುಹೋದರೆ ಆಗುವ ನಷ್ಟಕ್ಕೆ ಹೋಲಿಸಿದರೆ ಒಂದು ಸೀಸೆ ಎಣ್ಣೆಯ ಪರೀಕ್ಷೆ ಯಾವ ಲೆಕ್ಕ? ೧೯೫೫ರಲ್ಲಿ ಅಮೆರಿಕೆಯ ನೌಕಾದಳವು ತನ್ನ ವಿಮಾನಗಳ ಎಂಜಿನುಗಳಿಗೂ ಇದೇ ಕ್ರಮವನ್ನು ಹಿಡಿಯಿತು; ಆಕಾಶದಲ್ಲಿ ಎಂಜಿನು ನಿಂತರೆ ಇಳಿದು ನೋಡಲು ಸ್ಥಳವಿಲ್ಲವಷ್ಟೆ. ನಮ್ಮ ಭಾರತೀಯ ರೈಲ್ವೆಯ ಡೀಸೆಲ್ ಷೆಡ್ಡುಗಳಲ್ಲಿಯೂ ಎಂಜಿನುಗಳ ಎಣ್ಣೆಯನ್ನು ನಿಯಮಿತವಾಗಿ ತೆಗೆದು ಪರೀಕ್ಷಿಸುವ ಪದ್ಧತಿಯು ಬೆಳೆದು ಬಂದಿದೆ. ಹೀಗೆ ದೊಡ್ಡ ಯಂತ್ರಗಳ ವೈಭವವಾಗಿದ್ದ ಪರೀಕ್ಷೆಯು ಈಗ ಮನೆಯ ಕಾರಿಗೂ ದೊರೆಯುವಂತಾಗಿದೆ.

ವರದಿಯು ಕೈಗೆ ಬಂದಾಗ ಗೃಹಸ್ಥನು ಅದನ್ನು ಹೇಗೆ ಓದಬೇಕು? ಇಲ್ಲಿ ನಾವು ಸ್ವಲ್ಪ ನಿಧಾನಿಸಿ ಹೇಳುತ್ತೇವೆ. ಪ್ರತಿಯೊಂದು ಲೋಹಕ್ಕೂ ಒಂದೊಂದು ತವರುಮನೆಯುಂಟು. ಕಬ್ಬಿಣವು ಸಿಲಿಂಡರಿನ ಗೋಡೆ, ಕವಾಟಗಳನ್ನು ನಡೆಸುವ ದಂಡ, ಹಲ್ಲಿನ ಚಕ್ರ, ಸರಪಳಿ ಇವುಗಳಿಂದ ಬರುವುದು. ಎಲ್ಲ ಎಂಜಿನುಗಳಲ್ಲಿಯೂ ಸ್ವಲ್ಪ ಇದ್ದೇ ಇರುವುದು. ಅಲ್ಯೂಮಿನಿಯಂ ಪಿಸ್ಟನ್ನಿನದು. ಕ್ರೋಮಿಯಂ ಹೆಚ್ಚಾಗಿ ಪಿಸ್ಟನ್ನಿನ ಉಂಗುರಗಳದು. ಸೀಸ, ತವರ, ತಾಮ್ರಗಳು ಬೇರಿಂಗುಗಳವು. ಇವುಗಳಲ್ಲಿ ಸೀಸದ ಕಥೆ ಸ್ವಾರಸ್ಯವಾದುದು. ಹಿಂದೆ ಪೆಟ್ರೋಲಿಗೇ ಸೀಸವನ್ನು ಬೆರೆಸುತ್ತಿದ್ದುದರಿಂದ ಪೆಟ್ರೋಲ್ ಗಾಡಿಯ ಎಣ್ಣೆಯಲ್ಲೆಲ್ಲ ಸೀಸವೇ ತುಂಬಿರುತ್ತಿತ್ತು. ಅದರಲ್ಲಿ ಬೇರಿಂಗಿನ ಪಾಲೆಷ್ಟೆಂದು ಹೇಳುವ ಬಗೆಯೇ ಇರಲಿಲ್ಲ. ೨೦೦೦ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು ನಿಂತುಹೋದ ಮೇಲೆ ಆ ಗೊಂದಲವು ತೀರಿತು. ಈಚಿನ ಹಲವು ಗಾಡಿಗಳ ಬೇರಿಂಗುಗಳಲ್ಲಿಯೂ ಸೀಸವಿಲ್ಲ. ಅಂಥ ಗಾಡಿಯಲ್ಲಿ ಅಲ್ಯೂಮಿನಿಯಂ, ತವರಗಳನ್ನೇ ನೋಡಬೇಕು. ರೈಲಿನ ಕೆಲವು ಡೀಸೆಲ್ ಎಂಜಿನುಗಳ ಬೇರಿಂಗುಗಳಿಗೆ ಬೆಳ್ಳಿಯ ಲೇಪವಿರುತ್ತಿದ್ದುದರಿಂದ ಅವುಗಳ ವರದಿಯಲ್ಲಿ ಬೆಳ್ಳಿಯೂ ಒಂದು ಅಂಕಣ. ಕಾರಿನ ಎಣ್ಣೆಯಲ್ಲಿ ಬೆಳ್ಳಿಯನ್ನು ಹುಡುಕಿ ಯಾರೂ ಶ್ರೀಮಂತರಾಗುವಂತಿಲ್ಲ.

ಲೋಹವಲ್ಲದಿದ್ದರೂ ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದ ನೋಡತಕ್ಕದ್ದು ಸಿಲಿಕಾನ್. ಅದು ಮರಳಿನ ಮೂಲವಸ್ತು. ಎಂದರೆ ರಸ್ತೆಯ ಧೂಳು. ನಮ್ಮ ಬಯಲುಸೀಮೆಯಲ್ಲಿ ಬೇಸಗೆಯ ದಿನ ಒಂದು ಬಸ್ಸಿನ ಹಿಂದೆ ಹತ್ತು ಮೈಲಿ ಹೋದವರಿಗೆ ಅದರ ಪರಿಚಯ ಮಾಡಿಕೊಡಬೇಕಾದುದಿಲ್ಲ. ಗಾಳಿಯ ಸೋಸುಕವು ಹರಿದಿದ್ದರೆ, ಅಥವಾ ಸೋಸುಕದಿಂದ ಎಂಜಿನಿಗೆ ಹೋಗುವ ರಬ್ಬರು ಕೊಳವೆಯು ಸೀಳಿದ್ದರೆ, ಆ ಧೂಳು ನೇರವಾಗಿ ಸಿಲಿಂಡರಿಗೆ ಹೋಗುವುದು. ಎಣ್ಣೆಯ ಪೊರೆಯಷ್ಟೇ ಗಾತ್ರದ ಕಣಗಳು ಉಂಗುರಕ್ಕೂ ಗೋಡೆಗೂ ನಡುವೆ ಸಿಕ್ಕಿ ಸಾಣೆಯ ಪುಡಿಯಂತೆ ತೇಯುವುವು. ಚಾಲಕನಿಗೆ ಏನೂ ತಿಳಿಯುವುದಿಲ್ಲ. ಗಾಡಿ ಎಂದಿನಂತೆಯೇ ಓಡುತ್ತಿರುವುದು.

ಉದಾಹರಣೆಗೆಂದು ಒಂದು ಗಾಡಿಯನ್ನು ಊಹಿಸಿಕೊಳ್ಳೋಣ. ಹತ್ತು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆಯನ್ನು ಬದಲಿಸುವಾಗ ಮೂರು ಸಲ ಪರೀಕ್ಷೆ ಮಾಡಿಸಿದೆಯೆಂದಿಟ್ಟುಕೊಳ್ಳಿ. ಕಬ್ಬಿಣವು ಮೊದಲ ಸಲ ೧೪, ಎರಡನೆಯ ಸಲ ೧೬, ಮೂರನೆಯ ಸಲ ೪೫. ಅಲ್ಯೂಮಿನಿಯಂ ೩, ೪, ೧೫. ಕ್ರೋಮಿಯಂ ೧, ೧, ೫. ಸಿಲಿಕಾನ್ ೮, ೯, ೩೬. ಇಲ್ಲಿ ಕಬ್ಬಿಣ ಒಂದನ್ನೇ ನೋಡಿದವನು ಎಂಜಿನು ಸವೆಯಿತೆಂದು ಗಾಬರಿಗೊಂಡು ಗಾಡಿಯನ್ನು ಮಾರಲು ಹೊರಡುವನು. ನಾಲ್ಕನ್ನೂ ಸೇರಿಸಿ ನೋಡಿದವನಿಗೆ ಕಥೆಯೇ ಬೇರೆ: ಧೂಳು ಒಳಗೆ ಹೊಕ್ಕಿದೆ, ಅದು ಉಂಗುರ, ಪಿಸ್ಟನ್, ಗೋಡೆ ಮೂರನ್ನೂ ತೇಯುತ್ತಿದೆ. ಹಾಗಿದ್ದಲ್ಲಿ ಮಾಡತಕ್ಕದ್ದು ಗಾಳಿಯ ಕೊಳವೆಯನ್ನು ಹುಡುಕಿ ಬದಲಿಸುವುದು, ಹೊಸ ಸೋಸುಕವನ್ನು ಹಾಕಿಸುವುದು, ಎಣ್ಣೆಯನ್ನು ಬದಲಿಸಿ ಕೆಲವು ಸಾವಿರ ಕಿಲೋಮೀಟರುಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದು. ಅಲ್ಪಸ್ವಲ್ಪ ಹಣದಿಂದ ಮುಗಿಯುವ ಕೆಲಸ. ಇನ್ನೊಂದು ಮೂವತ್ತು ಸಾವಿರ ಕಿಲೋಮೀಟರ್ ಹಾಗೆಯೇ ಬಿಟ್ಟಿದ್ದರೆ ಎಂಜಿನನ್ನೇ ಬಿಚ್ಚಬೇಕಾದೀತು.

ಸಿಲಿಕಾನ್ ಹೆಚ್ಚಿದೆಯೆಂದೊಡನೆ ಧೂಳೆಂದು ತಿಳಿಯುವುದೂ ತಪ್ಪೇ. ಹೊಸ ಗಾಡಿಯಲ್ಲಿ, ಅಥವಾ ಗ್ಯಾರೇಜಿನಲ್ಲಿ ಎಂಜಿನನ್ನು ತೆರೆದು ಮುಚ್ಚಿದಾಗ ಸಂದುಗಳಿಗೆ ಹಚ್ಚಿದ ಸಿಲಿಕೋನ್ ಅಂಟಿನಿಂದಲೂ ಅದು ಎಣ್ಣೆಗೆ ಇಳಿಯುವುದು. ಆಗ ಜೊತೆಯ ಲೋಹಗಳು ಏರಿರುವುದಿಲ್ಲ. ಹೊಸ ಎಂಜಿನಿನ ಮೊದಲನೆಯ ಎಣ್ಣೆಯಲ್ಲಂತೂ ಕಬ್ಬಿಣ ತಾಮ್ರಗಳು ಹೆಚ್ಚಾಗಿಯೇ ಇರುವುವು. ಹೊಸ ಚಪ್ಪಲಿಯು ಕಾಲಿಗೆ ಹೊಂದಿಕೊಳ್ಳುವಂತೆ ಕೀಲುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತಿರುವ ಕಾಲವದು. ಇನ್ನು ಸತು, ರಂಜಕ, ಕ್ಯಾಲ್ಸಿಯಂಗಳ ಅಂಕೆಗಳು ನೂರು ಸಾವಿರಗಳಲ್ಲಿದ್ದುದನ್ನು ಕಂಡು ಬೆದರುವವರುಂಟು. ಅವು ಎಣ್ಣೆ ತಯಾರಿಸುವವರು ಸವೆತವನ್ನು ತಡೆಯಲೆಂದೂ ಕೊಳೆಯನ್ನು ತೊಳೆಯಲೆಂದೂ ತಾವಾಗಿಯೇ ಬೆರೆಸಿದ ಮದ್ದು. ಈ ಕಾರಣದಿಂದಲೇ, ಅದೇ ಡಬ್ಬಿಯ ಹೊಸ ಎಣ್ಣೆಯನ್ನೂ ಒಂದು ಸಲ ಪರೀಕ್ಷೆಗೆ ಕಳುಹಿಸಿ ಅದರ ಅಂಕೆಗಳನ್ನು ಇಟ್ಟುಕೊಂಡಿರುವುದು ಲೇಸು. ಮೊದಲಿನ ತೂಕ ಗೊತ್ತಿಲ್ಲದೆ ಬಡವಾದುದನ್ನು ಹೇಗೆ ಹೇಳುವುದು?

ಲೋಹಗಳಲ್ಲದೆ ಎಣ್ಣೆಯ ಸ್ವಂತ ಆರೋಗ್ಯವನ್ನೂ ಪ್ರಯೋಗಶಾಲೆಯವರು ನೋಡುವರು. ಸ್ನಿಗ್ಧತೆ, ಎಂದರೆ ಎಣ್ಣೆಯು ಹರಿಯುವುದಕ್ಕೆ ತೋರುವ ತಡೆ, ಮುಖ್ಯವಾದುದು. ಎಣ್ಣೆಯನ್ನು ೧೦೦ ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಸಣ್ಣ ಗಾಜಿನ ನಳಿಗೆಯಲ್ಲಿ ಹರಿಯಬಿಟ್ಟು ಎಷ್ಟು ಹೊತ್ತು ತೆಗೆದುಕೊಳ್ಳುವುದೆಂದು ಅಳೆಯುವರು. ಡಬ್ಬಿಯ ಮೇಲೆ ಕೊನೆಯ ಅಂಕೆ ೩೦ ಎಂದಿರುವ ಎಣ್ಣೆಗೆ ಈ ಅಳತೆಯು ೯.೩ ರಿಂದ ೧೨.೫ ಸೆಂಟಿಸ್ಟೋಕುಗಳ ಒಳಗಿರಬೇಕು. ಅದು ಎಂಟಕ್ಕೆ ಇಳಿದಿದ್ದರೆ ಎಣ್ಣೆಗೆ ಪೆಟ್ರೋಲು ಬೆರೆತಿರಬಹುದೆಂದು ಸಂಶಯಪಡಬೇಕು. ದಿನವೂ ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಗಳಲ್ಲಿ ಇದು ಹೆಚ್ಚು. ಎಂಜಿನು ಪೂರ್ತಿಯಾಗಿ ಕಾಯುವ ಮೊದಲೇ ನಿಲ್ಲಿಸಿಬಿಡುವುದರಿಂದ ಉರಿಯದೆ ಉಳಿದ ಪೆಟ್ರೋಲೂ ಹಬೆಯ ನೀರೂ ಎಣ್ಣೆಗೆ ಇಳಿದು ಅಲ್ಲಿಯೇ ನೆಲಸುವುವು. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಬಿಡದೆ ಓಡಿಸಿದರೆ ಬಹುಪಾಲು ಆವಿಯಾಗಿ ಹೋಗುವುವು. “ನಮ್ಮ ಗಾಡಿ ಹೆಚ್ಚು ಓಡುವುದೇ ಇಲ್ಲ, ಆದ್ದರಿಂದ ಹೊಸದರಂತಿದೆ” ಎನ್ನುವವರು ಈ ಮಾತನ್ನು ಗಮನಿಸಬೇಕೆಂದು ನಮ್ಮ ಕೋರಿಕೆ.

ನೀರಿನ ಪರೀಕ್ಷೆಯು ಬಹು ಸರಳ. ಕಾದ ಲೋಹದ ತಟ್ಟೆಯ ಮೇಲೆ ಒಂದು ತೊಟ್ಟು ಎಣ್ಣೆಯನ್ನು ಬಿಡುವರು. ನೀರಿದ್ದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟಗುಟ್ಟುವುದು. ಸಾವಿರಕ್ಕೆ ಒಂದು ಪಾಲು ನೀರಿದ್ದರೂ ಗೊತ್ತಾಗುವುದು. ಇದನ್ನು ಮನೆಯ ದೋಸೆಯ ಹೆಂಚಿನ ಮೇಲೆ ಮಾಡಿನೋಡುವ ಉತ್ಸಾಹವು ಯಾರಿಗೂ ಬರಬಾರದು. ಹೆಂಚೂ ಕೆಡುವುದು, ಸಿಡಿದ ಎಣ್ಣೆಯಿಂದ ಕಣ್ಣಿಗೂ ಅಪಾಯ.

ಆದರೆ ಎಲ್ಲಕ್ಕಿಂತ ಭಯಂಕರವಾದ ಬೆರಕೆ ರೇಡಿಯೇಟರಿನ ತಂಪುದ್ರವದ್ದು. ಸಿಲಿಂಡರುಗಳ ತಲೆಯ ಕೆಳಗಿನ ಗ್ಯಾಸ್ಕೆಟ್ಟು ಸೂಕ್ಷ್ಮವಾಗಿ ಬಿರಿದಾಗ ಅದು ಎಣ್ಣೆಯ ದಾರಿಗೆ ಜಿನುಗುವುದು. ಜಿನುಗಿದ ನೀರು ಎಂಜಿನಿನ ಬಿಸಿಗೆ ಆವಿಯಾಗಿ ಹೋಗುವುದರಿಂದ ಎಣ್ಣೆಯಲ್ಲಿ ನೀರು ಕಾಣದೆಯೇ ಇರಬಹುದು. ಆದರೆ ತಂಪುದ್ರವದಲ್ಲಿ ತುಕ್ಕು ತಡೆಯಲೆಂದು ಹಾಕಿದ ಸೋಡಿಯಂ, ಪೊಟಾಸಿಯಂ ಲವಣಗಳು ಎಲ್ಲಿಗೂ ಹೋಗುವುದಿಲ್ಲ. ಹಾಲು ಉಕ್ಕಿಹೋದರೂ ತಳದ ಕಲೆ ಉಳಿಯುವಂತೆ ವರದಿಯಲ್ಲಿ ಉಳಿದುಬಿಡುವುವು. ತಂಪುದ್ರವದಲ್ಲಿನ ಗ್ಲೈಕಾಲು ಎಣ್ಣೆಯನ್ನು ಗಟ್ಟಿಗೊಳಿಸಿ ಕೆಸರಾಗಿಸುವುದು. ಅದರಿಂದ ಹುಟ್ಟುವ ಆಮ್ಲಗಳು ಬೇರಿಂಗನ್ನು ಕೊರೆಯುವುವು. ರೇಡಿಯೇಟರಿನ ಪಾತ್ರೆಯಲ್ಲಿ ದ್ರವವು ತಿಂಗಳು ತಿಂಗಳೂ ಇಳಿಯುತ್ತಿದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಬಿದ್ದಿಲ್ಲ, ಮೆಕ್ಯಾನಿಕ್ಕನಿಗೆ ಕಾರಣ ತೋರುತ್ತಿಲ್ಲ ಎಂಬಂಥ ಸಂದರ್ಭದಲ್ಲಿ ಎಣ್ಣೆಯ ಪರೀಕ್ಷೆಗೆ ಸಮಾನವಾದುದು ಬೇರೊಂದಿಲ್ಲವೆಂದು ನಾವು ಧೈರ್ಯವಾಗಿ ಹೇಳುವೆವು. ಗ್ಯಾಸ್ಕೆಟ್ಟಿನ ಕೆಲಸದಲ್ಲಿ ಮುಗಿಯುವುದೋ, ಬೇರಿಂಗುಗಳೊಡನೆ ಇಡೀ ಎಂಜಿನು ಹೋಗುವುದೋ ಎಂಬುದು ಆ ಕೆಲವು ವಾರಗಳಲ್ಲಿಯೇ ನಿರ್ಧಾರವಾಗುವುದು.

ಎಣ್ಣೆಯಲ್ಲಿ ಉಳಿದಿರುವ ಕ್ಷಾರದ ಬಲವನ್ನೂ ಅಳೆಯುವರು. ಉರಿಯುವಿಕೆಯಿಂದ ಹುಟ್ಟುವ ಆಮ್ಲವನ್ನು ಕೊಲ್ಲಲು ಇಟ್ಟ ಸಂಗ್ರಹವಿದು. ಹೊಸ ಎಣ್ಣೆಯಲ್ಲಿದ್ದುದರ ಅರ್ಧಕ್ಕಿಂತ ಕೆಳಗಿಳಿದರೆ ಬದಲಿಸುವ ಕಾಲ ಬಂತೆಂದು ತಿಳಿಯಬೇಕು.

ಇನ್ನು ಮಾದರಿಯನ್ನು ತೆಗೆಯುವ ಕ್ರಮ. ಪರೀಕ್ಷೆ ಕೆಡುವುದು ಪ್ರಯೋಗಶಾಲೆಯಲ್ಲಲ್ಲ, ಬಹುಸಲ ಇಲ್ಲಿಯೇ. ಗಾಡಿಯನ್ನು ಇಪ್ಪತ್ತು ನಿಮಿಷವಾದರೂ ಓಡಿಸಿ, ಎಣ್ಣೆ ಬಿಸಿಯಾಗಿ ಕಲಕಿರುವಾಗಲೇ ತೆಗೆಯಬೇಕು. ತಣ್ಣಗಾದರೆ ಕಣಗಳು ತಳಕ್ಕಿಳಿಯುವುವು. ಬಿಸಿ ಎಣ್ಣೆ ಕೈಸುಡುವುದರಿಂದ ಇದನ್ನು ಗ್ಯಾರೇಜಿನವರಿಗೇ ಬಿಡುವುದು ಒಳ್ಳೆಯದು, ಆದರೆ ಬಳಿಯಲ್ಲಿ ನಿಂತಿರಬೇಕು. ತೊಟ್ಟಿಯ ಕೆಳಗಿನ ತಿರುಪನ್ನು ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಒರೆಸಬೇಕು. ಮೊದಲು ಬೀಳುವ ಎಣ್ಣೆಯನ್ನು ಬಿಟ್ಟು, ಕೊನೆಯದನ್ನೂ ಬಿಟ್ಟು, ನಡುವಿನ ಧಾರೆಗೆ ಸೀಸೆಯನ್ನು ಒಡ್ಡಬೇಕು. ನೂರು ಮಿಲಿಲೀಟರ್ ಸಾಕು. ಗ್ಯಾರೇಜಿನ ಬಾಣಲೆಯಿಂದ ಬಗ್ಗಿಸಿಕೊಂಡರೆ ಹತ್ತು ಗಾಡಿಗಳ ಚರಿತ್ರೆಯು ಒಂದೇ ಸೀಸೆಯಲ್ಲಿ ಸೇರುವುದು. ಸೀಸೆಯು ಪ್ರಯೋಗಶಾಲೆಯವರೇ ಕೊಟ್ಟುದಾದರೆ ಉತ್ತಮ. ಇಲ್ಲವಾದರೆ ಹೊಸದಾಗಿ, ಒಣಗಿ ಇರತಕ್ಕದ್ದು. ಮನೆಯಲ್ಲಿ ಖಾಲಿಯಾದ ಉಪ್ಪಿನಕಾಯಿಯ ಸೀಸೆಯನ್ನು ತೊಳೆದು ಕೊಟ್ಟುಕಳುಹಿಸಿದರೆ, ಸೋಡಿಯಂ ವಿಪರೀತವಾಗಿದೆಯೆಂದೂ ಗ್ಯಾಸ್ಕೆಟ್ಟು ಹೋಗಿರಬಹುದೆಂದೂ ಉತ್ತರ ಬಂದರೆ ಆಶ್ಚರ್ಯವಿಲ್ಲ! ಸೀಸೆಯ ಮೇಲೆ ಗಾಡಿಯ ಹೆಸರು, ಒಟ್ಟು ಓಡಿದ ದೂರ, ಈ ಎಣ್ಣೆಯ ಮೇಲೆ ಓಡಿದ ದೂರ, ಎಣ್ಣೆಯ ಹೆಸರು ಮತ್ತು ದರ್ಜೆ, ನಡುವೆ ಎಷ್ಟು ಎಣ್ಣೆಯನ್ನು ಸುರಿದಿರಿ ಎಂಬುದನ್ನು ಬರೆಯಬೇಕು. ಐದು ಸಾವಿರ ಕಿಲೋಮೀಟರಿಗೆ ಬಂದ ಇಪ್ಪತ್ತಕ್ಕೂ ಹದಿನೈದು ಸಾವಿರಕ್ಕೆ ಬಂದ ಇಪ್ಪತ್ತಕ್ಕೂ ಅಜಗಜಾಂತರವಿದೆ.

ಈ ಪರೀಕ್ಷೆಗೆ ಕಾಣದಿರುವುದೂ ಬಹಳವಿದೆಯೆಂಬುದನ್ನು ಮುಚ್ಚಿಡಲಾಗದು. ವರ್ಣಪಟಲದ ಯಂತ್ರವು ಮಿಲಿಮೀಟರಿನ ಸಾವಿರದ ಐದಾರು ಪಾಲುಗಳಿಗಿಂತ ದೊಡ್ಡ ಕಣಗಳನ್ನು ಸರಿಯಾಗಿ ಸುಟ್ಟು ಬೆಳಗಿಸಲಾರದು. ಹಲ್ಲೊಂದು ಮುರಿದು ಬಿದ್ದ ಚೂರು ತೊಟ್ಟಿಯಲ್ಲಿದ್ದರೂ ಅಂಕೆಗಳು ಸುಮ್ಮನೆ ಇರಬಹುದು. ಇಂಥ ದೊಡ್ಡ ಕಣಗಳನ್ನು ಅಯಸ್ಕಾಂತದಿಂದ ಗಾಜಿನ ಮೇಲೆ ಸಾಲಾಗಿ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವು ೧೯೭೦ರ ದಶಕದಲ್ಲಿ ಬಂದಿತು. ಮನೆಯ ಕಾರಿಗೆ ಅದು ಬೇಕಾಗುವುದಿಲ್ಲ, ಹಳೆಯ ಎಣ್ಣೆಸೋಸುಕವನ್ನು ಗ್ಯಾರೇಜಿನಲ್ಲಿ ಸೀಳಿಸಿ, ಮಡಿಕೆಗಳಲ್ಲಿ ಹೊಳೆಯುವ ಚೂರುಗಳಿವೆಯೇ ಎಂದು ನೋಡಿದರೆ ಸಾಕು. ಇಂಧನದ ಪಂಪು, ಟೈಮಿಂಗ್ ಪಟ್ಟಿ, ವಿದ್ಯುತ್ತಿನ ತಂತಿ ಮೊದಲಾದವು ಎಣ್ಣೆಯ ಸಂಚಾರಕ್ಕೆ ಹೊರಗಿದ್ದರೆ ಅವುಗಳ ವಿಷಯದಲ್ಲಿ ಎಣ್ಣೆಯು ಮೂಕ. ಒಂದೇ ಸಲದ ಪರೀಕ್ಷೆಯಿಂದ ಖಂಡಿತವಾದ ಮಾತನ್ನು ಹೇಳುವುದೂ ಕಷ್ಟ. ಒಂದು ಜಾತಿಯ ಎಂಜಿನಿಗೆ ಸಹಜವಾದ ಅಂಕೆಯು ಇನ್ನೊಂದಕ್ಕೆ ಅಪಾಯದ ಸೂಚನೆಯಾಗಬಹುದು. ಎಷ್ಟು ಬಂತೆಂಬುದಕ್ಕಿಂತ, ಕಳೆದ ಸಲಕ್ಕಿಂತ ಎಷ್ಟು ಏರಿತೆಂಬುದೇ ಇಲ್ಲಿ ಪ್ರಮಾಣ.

ಹಾಗಾದರೆ ಪ್ರತಿಯೊಬ್ಬ ಗೃಹಸ್ಥನೂ ಇದನ್ನು ಮಾಡಿಸಬೇಕೆ? ನಮ್ಮ ಅಭಿಪ್ರಾಯವನ್ನು ಕೇಳಿದರೆ, ಬೇಕಾಗಿಲ್ಲ. ಹೊಸ ಸಣ್ಣ ಕಾರನ್ನಿಟ್ಟುಕೊಂಡು, ತಯಾರಕರು ಹೇಳಿದ ಗಡುವಿಗೆ ಎಣ್ಣೆಯನ್ನೂ ಸೋಸುಕವನ್ನೂ ಬದಲಿಸುತ್ತ, ತಿಂಗಳಿಗೊಮ್ಮೆ ಕಡ್ಡಿಯನ್ನೆಳೆದು ಮಟ್ಟವನ್ನು ನೋಡುವವನು ಪರೀಕ್ಷೆಯ ಹಣವನ್ನು ಮುಂದಿನ ಎಣ್ಣೆಗೇ ಇಟ್ಟುಕೊಳ್ಳಬಹುದು. ಎಣ್ಣೆಯ ಮಟ್ಟವೇ ಇಳಿದಿರುವ ಗಾಡಿಗೆ ಯಾವ ಪ್ರಯೋಗಶಾಲೆಯೂ ಆಸರೆಯಾಗಲಾರದು. ಆದರೆ ಗಾಡಿಯನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವ ಸಂಕಲ್ಪವುಳ್ಳವರು, ಬಾಡಿಗೆಗೆ ನಾಲ್ಕಾರು ಕಾರುಗಳನ್ನು ಓಡಿಸಿ ಜೀವಿಸುವವರು, ಹಿಂದೆ ಹೇಳಿದಂತೆ ಎಲ್ಲಿಗೋ ತಂಪುದ್ರವ ಮಾಯವಾಗುತ್ತಿರುವವರು, ಎಂಜಿನನ್ನು ಬಿಚ್ಚಬೇಕೆಂಬ ಮಾತನ್ನು ಕೇಳಿ ಎರಡನೆಯ ಅಭಿಪ್ರಾಯವನ್ನು ಬಯಸುವವರು, ಇವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸೇವೆ. ಹಳೆಯ ಗಾಡಿಯನ್ನು ಕೊಳ್ಳುವವರು ಹಿಂದಿನ ಎಣ್ಣೆಯನ್ನು ಬದಲಿಸಿ ಎಷ್ಟು ದಿನವಾಯಿತೆಂಬುದನ್ನು ಮೊದಲು ಕೇಳಬೇಕು. ನಿನ್ನೆ ತುಂಬಿದ ಎಣ್ಣೆಗೆ ಹೇಳಲು ಏನೂ ಇರುವುದಿಲ್ಲ. ದೊಡ್ಡ ನಗರಗಳಲ್ಲಿ ಇಂಥ ಪ್ರಯೋಗಶಾಲೆಗಳು ಹೆಚ್ಚಾಗಿ ಕಾರ್ಖಾನೆಗಳ, ಜನರೇಟರುಗಳ, ಲಾರಿಗಳ ಕೆಲಸವನ್ನು ಮಾಡುವುವು. ಒಂದು ಕಾರಿನ ಒಂದು ಸೀಸೆಯನ್ನೂ ತೆಗೆದುಕೊಳ್ಳುವರೇ ಎಂದು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಅಷ್ಟೂ ಅನುಕೂಲವಿಲ್ಲದವರು ಮನೆಯಲ್ಲಿ ಮಾಡಬಹುದಾದ ಹಳೆಯ ಪರೀಕ್ಷೆಯೊಂದಿದೆ. ಶಾಯಿ ಹೀರುವ ಕಾಗದದ ಮೇಲೆ ಬಿಸಿ ಎಣ್ಣೆಯ ಒಂದು ತೊಟ್ಟನ್ನು ಬಿಟ್ಟು, ಮಲಗಿಸಿಟ್ಟು, ಒಂದು ರಾತ್ರಿ ಕಳೆದು ನೋಡುವುದು. ಮಸಿಯು ನಡುವಿನಿಂದ ಅಂಚಿನವರೆಗೆ ಮೆಲ್ಲಮೆಲ್ಲನೆ ತಿಳಿಯಾಗುತ್ತ ಹರಡಿದ್ದರೆ ಎಣ್ಣೆಗೆ ಇನ್ನೂ ಕೊಳೆಯನ್ನು ಹೊರುವ ಶಕ್ತಿಯಿದೆ. ನಡುವೆ ಕಪ್ಪು ಬೊಟ್ಟು, ಸುತ್ತ ಗೀಚಿದಂಥ ಅಂಚು, ಅದರಾಚೆ ಬರಿಯ ಎಣ್ಣೆಯ ವೃತ್ತ ಹೀಗಾಗಿದ್ದರೆ ಬದಲಿಸಿಬಿಡುವುದು ಒಳ್ಳೆಯದು. ಲೋಹಗಳ ವಿಷಯವನ್ನು ಈ ಕಾಗದವು ಹೇಳಲಾರದು.

ಮಾದರಿಯನ್ನು ತೆಗೆದ ಮೇಲೆ ಉಳಿಯುವ ಮೂರು ಲೀಟರ್ ಎಣ್ಣೆಯ ವಿಷಯ ಒಂದು ಮಾತು. ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಿರಲೆಂದು ಅದನ್ನು ಬಳಿಯುವುದೂ, ಮಿಕ್ಕುದನ್ನು ಚರಂಡಿಗೆ ಸುರಿಯುವುದೂ ನಮ್ಮಲ್ಲಿ ರೂಢಿಯಾಗಿದೆ. ಬಳಸಿದ ಕೀಲೆಣ್ಣೆಯು ಚರ್ಮಕ್ಕೆ ಕೇಡು; ಮತ್ತೆ ಮತ್ತೆ ಸೋಕಿದರೆ ಅರ್ಬುದರೋಗಕ್ಕೂ ಕಾರಣವಾಗಬಲ್ಲುದು. ನೆಲಕ್ಕೆ ಸುರಿದುದು ಬಾವಿಯ ನೀರಿಗೆ ಇಳಿಯುವುದು. ಕೈಗೆ ಹತ್ತಿದ್ದರೆ ಸಾಬೂನಿನಿಂದ ತೊಳೆದು, ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಶುದ್ಧಿಮಾಡುವವರಿಗೆ ಒಪ್ಪಿಸುವ ಗ್ಯಾರೇಜಿಗೆ ಕೊಡತಕ್ಕದ್ದು.